ಅರ್ಧ ಬರೆದ ಕಾಶಿಯೇ ಚೆಂದ

ನಮಸ್ಕಾರ. ಮೊಬೈಲ್‌ನಲ್ಲಿ ಕಾಶಿ ಅಂತ ಹುಡುಕಿ ನೋಡಿ. ಡ್ರೋನ್ ಶಾಟು, ಗಂಗಾ ಆರತಿ, ಮೇಲೊಂದು ಕೇಸರಿ ಫಿಲ್ಟರು. ನನಗಂತೂ ಸಾಕಾಗಿದೆ. ಇವತ್ತು 1873ರ ಕಾಶಿ ನೋಡೋಣ, ಜಲವರ್ಣದಲ್ಲಿ.

ಬರೆದವನು ಇಂಗ್ಲೆಂಡಿನ ಎಡ್ವರ್ಡ್ ಲಿಯರ್. ಹೆಸರು ಬಂದದ್ದು ಮಕ್ಕಳ ತಮಾಷೆ ಪದ್ಯಗಳಿಂದ, ಹೊಟ್ಟೆಪಾಡು ನಡೆದದ್ದು ಚಿತ್ರ ಮಾರಿ. ವಿಕ್ಟೋರಿಯಾ ರಾಣಿಗೂ ಒಂದಷ್ಟು ದಿನ ಚಿತ್ರ ಹೇಳಿಕೊಟ್ಟಿದ್ದ. ವೈಸರಾಯ್ ನಾರ್ತ್‌ಬ್ರೂಕ್ ಕರೆದ ಅಂತ 61ನೇ ವಯಸ್ಸಿನಲ್ಲಿ ಹಡಗು ಹತ್ತಿದ. ಡಿಸೆಂಬರ್‌ನಲ್ಲಿ ಕಾಶಿಗೆ ಬಂದ.

ಕಾಶಿಯ ಘಾಟ್‌ಗಳೆಲ್ಲ ಇರುವುದು ಗಂಗೆಯ ಪಶ್ಚಿಮ ದಡದಲ್ಲಿ. ಬೆಳಗಿನ ಬಿಸಿಲು ನೇರ ಮೆಟ್ಟಿಲಿಗೇ ಬೀಳುತ್ತದೆ. ಆ ಸಾಲು ಪೂರ್ತಿ ಕಾಣಬೇಕಾದರೆ ದೋಣಿಯೇ ಗತಿ. ಲಿಯರ್ ಕೂತದ್ದೂ ದೋಣಿಯಲ್ಲೇ. ಅಲ್ಲಿ ದೋಣಿಯೂ ನಿಲ್ಲುವುದಿಲ್ಲ, ಮೆಟ್ಟಿಲ ಮೇಲಿನ ಜನವೂ ನಿಲ್ಲುವುದಿಲ್ಲ. ಬಣ್ಣ ಕಲಸುತ್ತಾ ಕೂತರೆ ಕೆಲಸ ಕೆಟ್ಟಿತು, ಅಲ್ವಾ?

ಅದಕ್ಕೆ ಈತನದೊಂದು ಪದ್ಧತಿ ಇತ್ತು. ಸ್ಥಳದಲ್ಲಿ ಬರೀ ಪೆನ್ಸಿಲ್ ಗೆರೆ. ಎಲ್ಲಿ ಯಾವ ಬಣ್ಣ ಅನ್ನೋದನ್ನು ಚಿತ್ರದ ಮೇಲೆಯೇ ಗೀಚಿಡುತ್ತಿದ್ದ. ಮೂಲೆಯಲ್ಲಿ ತಾರೀಕು, ಎಷ್ಟೋ ಸಲ ಗಂಟೆ ಸಹ. ಆಮೇಲೆ ಪುರುಸೊತ್ತಾದಾಗ ಗೆರೆಗಳ ಮೇಲೆ ಇಂಕು, ತೆಳುವಾಗಿ ನೀರುನೀರಾದ ಬಣ್ಣ. ಅಕ್ಷರಗಳನ್ನು ಅಳಿಸುತ್ತಿರಲಿಲ್ಲ. ಕೆಲವು ಕಡೆ ಬೇಕಂತಲೇ ತಪ್ಪು ಸ್ಪೆಲ್ಲಿಂಗ್, ತಮಾಷೆ ಮನುಷ್ಯ ನೋಡಿ!

ಇವೆಲ್ಲ ಲಿಯರ್‌ಗೆ ಬರೀ ಕಚ್ಚಾ ಸರಕು. ಇವನ್ನಿಟ್ಟುಕೊಂಡು ದೊಡ್ಡ ಚಿತ್ರ ಬರೆದು ಮಾರುವುದು ಲೆಕ್ಕಾಚಾರ. ನನಗೆ ಈ ಕಚ್ಚಾ ಸರಕೇ ಜಾಸ್ತಿ ಇಷ್ಟ. ಕಾಶಿಯ ಎದುರು ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್), ಇಟಲಿಯ ನೇಪಲ್ಸ್ ಎಲ್ಲ ಸಪ್ಪೆ ಅಂತ ತನ್ನ ಡೈರಿಯಲ್ಲಿ ಬರೆದುಕೊಂಡವನು ಈತ. ಕಾಶಿಯ ಆ ಗಡಿಬಿಡಿ ಉಳಿದಿರುವುದು ಅವಸರದ ಗೆರೆಗಳಲ್ಲಿ. ಬಿಸಿಲು ಬಿದ್ದ ಜಾಗಕ್ಕೆ ಬಣ್ಣ ಹಚ್ಚಬೇಕಾಗಿಲ್ಲ, ಖಾಲಿ ಕಾಗದವೇ ಬಿಸಿಲು. ನೀಟಾಗಿ ಮುಗಿಸಿದ ಚಿತ್ರದಲ್ಲಿ ಅದು ಸಿಗುವುದಿಲ್ಲ.

"ಬ್ರಿಟಿಷರು ಬರೆದ ಕಾಶಿ ನಮಗ್ಯಾಕೆ" ಅಂತೀರಾ? ಪ್ರಶ್ನೆ ಸರಿಯಾಗೇ ಇದೆ. ವೈಸರಾಯ್ ಅತಿಥಿ, ಖರ್ಚೂ ಅಲ್ಲಿಂದಲೇ. ಸ್ನಾನಕ್ಕೆ ಬಂದ ಜನ ಈತನಿಗೆ ಹೆಚ್ಚುಕಡಿಮೆ ಬಣ್ಣದ ಚುಕ್ಕೆಗಳು. ಅವರ ಊರು, ಕಷ್ಟ ಏನೂ ಗೊತ್ತಿಲ್ಲ. ಅದು ಕೊರತೆಯೇ, ಒಪ್ಪೋಣ. ಆದರೂ ಆ ಕಾಲದ ಚಿತ್ರಗಳನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ಪಂಚಗಂಗಾ ಘಾಟ್‌ನ ಮಸೀದಿಗೆ ಆಗ ಎತ್ತರದ ಮಿನಾರುಗಳಿದ್ದವು, ಊರಿಗೇ ಗುರುತು. ಮಸೀದಿ ಇನ್ನೂ ಇದೆ, ಆ ಮಿನಾರುಗಳಿಲ್ಲ. ಅವನ್ನು ಆ ಕಾಲದ ಚಿತ್ರಗಳಲ್ಲೇ ನೋಡಬೇಕು.

ಲಿಯರ್‌ನ ಭಾರತದ ಚಿತ್ರಗಳ ದೊಡ್ಡ ರಾಶಿ ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟಿಯ ಹೋಟನ್ ಲೈಬ್ರರಿಯಲ್ಲಿದೆ. ಯಾವುದಾದರೂ ಒಂದು ಕಣ್ಣಿಗೆ ಬಿದ್ದರೆ ದೇವಸ್ಥಾನ ಆಮೇಲೆ ನೋಡಿ, ಮೊದಲು ಝೂಮ್ ಮಾಡಿ ಆ ಗೀಚು ಅಕ್ಷರ ಓದಿ.