ಚಾಮುಂಡಿ ಬೆಟ್ಟ, ಮೆಟ್ಟಿಲು ವರ್ಕೌಟ್ ಮತ್ತು 60 ರೂಪಾಯಿ ಎಳನೀರು | ಮೈಸೂರು ವ್ಲಾಗ್

ಕತ್ತಲು, ಏನೂ ಕಾಣುತ್ತಿಲ್ಲ, ಗೊತ್ತು. ಸ್ವಲ್ಪ ತಡೆಯಿರಿ, ಬೆಳಕಾಗುತ್ತದೆ. ಇದು ಚಾಮುಂಡಿ ಬೆಟ್ಟದ ಪಾದ. ಮೇಲಕ್ಕೆ ಸಾವಿರ ಚಿಲ್ಲರೆ ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಅವರು ಭಕ್ತರಿಗೆ ಅಂತ ಕಟ್ಟಿಸಿದರು, ನಾವು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದಿದ್ದೇವೆ.

ದಿನಾ ಅದೇ ಬೆಟ್ಟ, ಬೋರ್ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ! ಬೆಟ್ಟ ಬದಲಿಸೋಕೆ ಆಗಲ್ಲ, ಹತ್ತುವ ರೀತಿ ಬದಲಿಸುತ್ತೇನೆ. ಇವತ್ತು ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದ ತನಕ ನಿಲ್ಲದೆ ಒಂದೇ ವೇಗ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ದಮ್ಮು. ಇನ್ನೊಂದು ದಿನ ಕೆಳಗಿನ ಮೆಟ್ಟಿಲುಗಳನ್ನೇ ಜೋರಾಗಿ ಹತ್ತಿ, ನಿಧಾನ ಇಳಿದು, ಮತ್ತೆ ಹತ್ತುವುದು. ಮತ್ತೊಂದು ದಿನ ಬೆನ್ನಿಗೆ ಬ್ಯಾಗು, ಒಳಗೆ ಅಕ್ಕಿ. 2 ಕೆಜಿಯಿಂದ ಶುರು, ಈಗ 5.

ಪಕ್ಕಕ್ಕೆ ಬಂದೆ, ನೋಡಿ. ಅಮ್ಮ ಒಬ್ಬರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದಾರೆ. ಪ್ರತಿ ಮೆಟ್ಟಿಲಿಗೂ ಬಗ್ಗಿ ಏಳುವುದು, ಅದೂ ಬರಿಗಾಲಲ್ಲಿ. ನಮ್ಮ ಜಿಮ್ಮಿನ ಹುಡುಗರನ್ನು ಇವರ ಜೊತೆ ಬಿಡಬೇಕು ಒಂದು ದಿನ.

ನಂದಿ ಬಂತು. ಮುಂದಿನ ಮೆಟ್ಟಿಲುಗಳನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ. ನಾನು ಏದುಸಿರು ಬಿಡುವುದನ್ನು ಯಾರು ನೋಡುತ್ತಾರೆ.

ಈಗ ಇದನ್ನು ನೋಡಿ. ಎಳನೀರು, 60 ರೂಪಾಯಿ! ಅಣ್ಣಾ, ಮದ್ದೂರು ಇಲ್ಲೇ ಒಂದು ಗಂಟೆ ದಾರಿ, ಅಲ್ಲಿ ಅಷ್ಟು ದೊಡ್ಡ ಎಳನೀರು ಮಾರುಕಟ್ಟೆ ಇದೆ, ಇಲ್ಲಿ 60 ಯಾಕೆ ಅಂದೆ. "ಅಕ್ಕಾ, ಬೆಟ್ಟದ ಮೇಲಕ್ಕೆ ಅದೇನು ತಾನೇ ಹತ್ತಿಕೊಂಡು ಬರುತ್ತಾ?" ಅಂದರು. ಅವರು ಹೇಳುವುದೂ ನ್ಯಾಯವೇ. ಆದರೂ 60! ವಾರಕ್ಕೆ ನಾಲ್ಕು ಕುಡಿದರೆ 240, ತಿಂಗಳಿಗೆ ಸಾವಿರದ ಹತ್ತಿರ ಹೋಗುತ್ತದೆ. ಅದರಲ್ಲೂ ಒಂದು ವಿಷಯ ಇದೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಹಾಗಾಗಿ ಮನೆಯ ನೀರುಮಜ್ಜಿಗೆಗೆ ಉಪ್ಪು ಹಾಕಿ ಬಾಟಲಿಯಲ್ಲಿ ತಂದರೆ ಅದೇ ಒಳ್ಳೆಯದು, ದುಡ್ಡೂ ಉಳಿಯುತ್ತದೆ. ಇನ್ಮೇಲೆ ಬೆಟ್ಟದ ಮೇಲೆ ಎಳನೀರು ಕುಡಿಯಲ್ಲ, ಆಯ್ತಾ? ಹೌದು, ಕೈಯಲ್ಲಿ ಸ್ಟ್ರಾ ಕಾಣುತ್ತಿದೆ. ಗಂಜಿ ಚೆನ್ನಾಗಿತ್ತು.

ಇದು ನಿನ್ನೆ ಸಂಜೆಯ ಕ್ಲಿಪ್, ಚಿಕ್ಕಪ್ಪನ ಗರಡಿ. ನಾನು ಬಾಗಿಲಲ್ಲೇ ನಿಂತು ತೆಗೆದದ್ದು, ಅದಕ್ಕೇ ಅರ್ಧ ಕಂಬ ಕಾಣುತ್ತಿದೆ. ಇಲ್ಲಿ ದಂಡ, ಬಸ್ಕಿ, ಗದೆ, ಅಷ್ಟೇ. ವರ್ಷಗಟ್ಟಲೆ ಅದೇ. ಲೆಕ್ಕ ಏರುತ್ತದೆ, ಗದೆಯ ತೂಕ ಏರುತ್ತದೆ. ಬೋರ್ ಆಗಲ್ವಾ ಚಿಕ್ಕಪ್ಪಾ ಅಂದರೆ, "ಕುಸ್ತಿಯ ಮಟ್ಟಿ ಮಣ್ಣಿಗೆ ಇಳಿದರೆ ದಿನಾ ಬೇರೆ ಜೋಡಿ, ಬೋರ್ ಎಲ್ಲಿಂದಮ್ಮಾ?" ಅಂದರು. ಒಬ್ಬ ಕುಳ್ಳ, ಒಬ್ಬ ಭಾರ, ಒಬ್ಬ ಕಾಲಿಗೇ ಕೈ ಹಾಕುತ್ತಾನೆ. ಬದಲಾವಣೆ ಎಲ್ಲಾ ಅಲ್ಲಿ. ದಂಡ ಬಸ್ಕಿಯನ್ನು ಯಾರೂ ಮುಟ್ಟಲ್ಲ.

ರೀಲ್ಸಿನವರು ಉಲ್ಟಾ ಹೇಳುತ್ತಾರೆ. ದಿನಕ್ಕೊಂದು ಹೊಸ ವ್ಯಾಯಾಮ ಮಾಡಿ, ಸ್ನಾಯುಗಳನ್ನು ಗೊಂದಲ ಮಾಡಿ ಅಂತ. ಸುಮ್ನೆ ಮಾತು. ಸ್ನಾಯುವಿಗೆ ಬೇಕಿರುವುದು ಹೋದ ವಾರಕ್ಕಿಂತ ಚೂರು ಜಾಸ್ತಿ ಕೆಲಸ. ದಿನಾ ಹೊಸದು ಮಾಡಿದರೆ ಜಾಸ್ತಿ ಆಯ್ತೋ ಇಲ್ಲವೋ ಅಂತ ಅಳೆಯೋದು ಹೇಗೆ? ಮೊದಲ ಕೆಲವು ವಾರ ಬಲ ಬರುವುದೇ ಹೆಚ್ಚಾಗಿ ನರಗಳು ಆ ಕೆಲಸ ಕಲಿಯುವುದರಿಂದ. ಸ್ನಾಯು ದಪ್ಪ ಆಗುವುದು ಆಮೇಲೆ. ಕಲಿಯುವ ಮೊದಲೇ ವ್ಯಾಯಾಮ ಬಿಟ್ಟರೆ ಅದು ಬರೀ ಬೆವರು. ಡ್ಯಾನ್ಸ್ ಕ್ಲಾಸಿಗೆ ಹೋಗುವವರು ಬೈಯಬೇಡಿ. ಖುಷಿಗೆ ಹೋಗುತ್ತೀರಲ್ವಾ, ಹೋಗಿ. ಹೋಗದೆ ಕೂರುವುದಕ್ಕಿಂತ ಅದು ಎಷ್ಟೋ ವಾಸಿ.

ಮೈ ನೋವು ಬಂದರೆ ಮಾತ್ರ ಲೆಕ್ಕ ಅನ್ನುವವರು ಒಂದು ಸಲ ಈ ಬೆಟ್ಟ ಇಳಿಯಿರಿ. ಹತ್ತುವಾಗ ಉಸಿರು ಹೋಗುತ್ತದೆ, ಕಾಲು ನೋಯುವುದು ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಮಾರನೇ ದಿನ, ಅದರ ಮಾರನೇ ದಿನ ಟಾಯ್ಲೆಟ್ಟಿನಲ್ಲಿ ಕೂರುವಾಗ ಗೊತ್ತಾಗುತ್ತದೆ. ಮುಂದಿನ ವಾರ ಅದೇ ಇಳಿಜಾರಿಗೆ ಅಷ್ಟು ನೋವಿರಲ್ಲ. ಕಾಲು ಒಗ್ಗಿಕೊಂಡಿದೆ, ಅಷ್ಟೇ.

ಇವತ್ತು ನಾನು ಇಳಿಯಲ್ಲ. ನಾಳೆ ಬಸ್ಕಿ ಇದೆ, ತೊಡೆ ಬೇಕು. 201 ಬಸ್ಸಿಗೆ ಕಾಯುತ್ತಿದ್ದೇನೆ, ಶಕ್ತಿ ಯೋಜನೆ ಇರುವುದರಿಂದ ನಮಗೆ ಟಿಕೆಟ್ ದುಡ್ಡಿಲ್ಲ. ಅಯ್ಯೋ, ಭುಜ, ಬೆನ್ನಿನ ವ್ಯಾಯಾಮ ಹೇಳಲೇ ಇಲ್ಲ! ಬೆಟ್ಟ ಹತ್ತಿದರೆ ಕೈಗೆ ಏನೂ ಸಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ದಮ್ಮಿನ ಕೆಲಸ, ಜೊತೆಗೆ 2 ದಿನವಾದರೂ ಎಲ್ಲ ದೊಡ್ಡ ಸ್ನಾಯುಗಳಿಗೂ ಬಲದ ವ್ಯಾಯಾಮ. ದಂಡ ಹೊಡೆಯೋಕೆ ಬರದವರು ಗೋಡೆಗೆ ಕೈ ಕೊಟ್ಟು ಶುರು ಮಾಡಿ, ಆಮೇಲೆ ಮಂಚದ ಅಂಚು, ಆಮೇಲೆ ನೆಲ. ಅದನ್ನು ಮುಂದಿನ ವಿಡಿಯೋದಲ್ಲಿ... ಬಸ್ ಬಂತು, ಸೀಟು ಹಿಡಿಯಬೇಕು!