ಗೆದ್ದವಳನ್ನ ಬಿಡಿ, ಆ ಐದು ಹೆಸರು ನೋಡಿ

2019ರ ಫೆಬ್ರವರಿ 24. ಆಸ್ಕರ್ ವೇದಿಕೆ ಮೇಲೆ ಅತ್ಯುತ್ತಮ ನಟಿ ಅಂತ ಒಲಿವಿಯಾ ಕೋಲ್ಮನ್ ಹೆಸರು ಕೂಗಿದರು. ಅವತ್ತು ಸಿನಿಮಾ ಪ್ರೇಮಿಗಳ ನಡುವೆ ಹೊತ್ತಿಕೊಂಡ ಜಗಳ ಇನ್ನೂ ಆರಿಲ್ಲ. ಎದುರಿಗೆ ಇದ್ದದ್ದು ಗ್ಲೆನ್ ಕ್ಲೋಸ್. ಅವರಿಗೆ ಅದು ಏಳನೇ ನಾಮಿನೇಷನ್. ಆಮೇಲೆ ಎಂಟನೆಯದೂ ಬಂತು, ಪ್ರಶಸ್ತಿ ಮಾತ್ರ ಕೈಗೆ ಬರಲಿಲ್ಲ. 'ದಿ ವೈಫ್'ನಲ್ಲಿ ಕ್ಲೋಸ್‌ರನ್ನ ನೋಡಿದವರು ಇದು ಅನ್ಯಾಯ ಅಂತಾರೆ, 'ದಿ ಫೇವರಿಟ್'ನಲ್ಲಿ ಕೋಲ್ಮನ್‌ರನ್ನ ನೋಡಿದವರು ಆ ರಾಣಿ ಆನ್ ಪಾತ್ರವನ್ನ ಬೇರೆ ಯಾರು ಮಾಡೋಕಾಗ್ತಿತ್ತು ಹೇಳಿ ಅಂತಾರೆ.

ಕ್ಲೋಸ್ ಪರ ಇರೋರ ಮೊದಲ ವಾದ ಏನು? ಅವರು ಗೋಲ್ಡನ್ ಗ್ಲೋಬ್ ಗೆದ್ದಿದ್ರು, ಕಲಾವಿದರ ಸಂಘದ ಸ್ಯಾಗ್ ಪ್ರಶಸ್ತಿನೂ ಗೆದ್ದಿದ್ರು, ಆಸ್ಕರ್ ತಪ್ಪಿದ್ದು ಹೇಗೆ ಅನ್ನೋದು. ಆದರೆ ಗೋಲ್ಡನ್ ಗ್ಲೋಬ್‌ನಲ್ಲಿ ಡ್ರಾಮಾಕ್ಕೆ ಒಂದು ವಿಭಾಗ, ಕಾಮಿಡಿ ಮತ್ತು ಮ್ಯೂಸಿಕಲ್‌ಗೆ ಇನ್ನೊಂದು. ಆ ವರ್ಷ ಡ್ರಾಮಾದಲ್ಲಿ ಕ್ಲೋಸ್ ಗೆದ್ದರು, ಕಾಮಿಡಿಯಲ್ಲಿ ಕೋಲ್ಮನ್ ಗೆದ್ದರು. ಅಂದರೆ ಇಬ್ಬರೂ ಅಲ್ಲಿ ಎದುರುಬದುರು ಆಗಲೇ ಇಲ್ಲ. ಎದುರಾಗಿದ್ದು ಸ್ಯಾಗ್‌ನಲ್ಲಿ, ಅಲ್ಲಿ ಕ್ಲೋಸ್ ಗೆದ್ದರು. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲೂ ಎದುರಾದರು, ಅಲ್ಲಿ ಗೆದ್ದಿದ್ದು ಕೋಲ್ಮನ್. ಈ ಎರಡರಲ್ಲಿ ಲೆಕ್ಕ ಸಮ ಸಮ. ಯಾವ ಪ್ರಶಸ್ತಿಯಲ್ಲಿ ಯಾರು ಯಾರ ಎದುರು ನಿಂತಿದ್ರು ಅಂತ ನೋಡದೆ ಬರೀ ಟ್ರೋಫಿ ಎಣಿಸಿದರೆ ವಾದ ಶುರುವಿನಲ್ಲೇ ದಾರಿ ತಪ್ಪುತ್ತೆ.

ನಾನು ಹೇಳೋಕೆ ಹೊರಟಿರೋದು ಇಷ್ಟು: ನಟನೆಯ ಬಗ್ಗೆ ವಾದ ಮಾಡೋದಾದರೆ ಆಸ್ಕರ್ ಗೆದ್ದವರ ಪಟ್ಟಿಗಿಂತ ನಾಮಿನೇಷನ್ ಪಟ್ಟಿ ನಮಗೆ ಹೆಚ್ಚು ಕೆಲಸಕ್ಕೆ ಬರುತ್ತೆ. ಯಾಕೆ ಅಂತ ತಿಳಿಯೋಕೆ ವೋಟು ಎಣಿಸೋ ರೀತಿ ಗೊತ್ತಿರಬೇಕು.

ನಟ ನಟಿಯರ ವಿಭಾಗಗಳಿಗೆ ನಾಮಿನೇಟ್ ಮಾಡೋದು ಆಸ್ಕರ್ ಕೊಡೋ ಅಕಾಡೆಮಿಯ ನಟರ ಶಾಖೆ ಮಾತ್ರ. ಸಾವಿರದ ಇನ್ನೂರು, ಮುನ್ನೂರು ಜನ. ಎಲ್ಲರೂ ನಟನೆಯನ್ನೇ ಕಸುಬು ಮಾಡಿಕೊಂಡವರು. ಒಬ್ಬೊಬ್ಬರೂ ಐದು ಹೆಸರನ್ನ ಒಂದು, ಎರಡು, ಮೂರು ಅಂತ ಕ್ರಮವಾಗಿ ಬರೀತಾರೆ. ಲೆಕ್ಕಕ್ಕೆ 1,200 ಬ್ಯಾಲಟ್ ಬಂತು ಅಂತಿಟ್ಟುಕೊಳ್ಳಿ. ಐದು ಸ್ಥಾನಕ್ಕೆ ಒಂದು ಸೇರಿಸಿ ಆರರಿಂದ ಭಾಗಿಸಿ: 200. ಅದಕ್ಕೆ ಒಂದು ಕೂಡಿಸಿ: 201. ಇದೇ ಕೋಟಾ. ಮೊದಲ ಆಯ್ಕೆಯ ವೋಟು 201 ಮುಟ್ಟಿದವರು ನಾಮಿನೇಟ್ ಆದಂಗೆ. ಕೋಟಾಗಿಂತ ತೀರಾ ಹೆಚ್ಚು ಬಿದ್ದಿದ್ದರೆ ಮಿಕ್ಕಿದ್ದು ಭಾಗವಾಗಿ ಎರಡನೇ ಆಯ್ಕೆಗೆ ಹೋಗುತ್ತೆ. ಎಲ್ಲರಿಗಿಂತ ಕಡಿಮೆ ಇರೋರನ್ನ ತೆಗೆದು ಅವರ ಬ್ಯಾಲಟ್‌ಗಳನ್ನ ಮುಂದಿನ ಹೆಸರಿಗೆ ಹಂಚ್ತಾರೆ. ಐದು ಹೆಸರು ಆಗೋವರೆಗೂ ಹೀಗೇ. ರಾಜ್ಯಸಭಾ ಚುನಾವಣೆಯ ಲೆಕ್ಕ ಗೊತ್ತಿರೋರಿಗೆ ಇದು ಹೊಸದೇನಲ್ಲ.

ಇದರ ಪರಿಣಾಮ ಏನು ಗೊತ್ತಾ? ಒಂಬೈನೂರು ಜನ "ಚೆನ್ನಾಗಿ ಮಾಡಿದಾಳೆ" ಅಂತ ನಿಮ್ಮ ನೆಚ್ಚಿನ ನಟಿಯನ್ನ ಐದನೇ ಸ್ಥಾನದಲ್ಲಿ ಬರೆದ್ರೂ ಅವರು ಹೊರಗೆ ಉಳೀಬಹುದು. ಇನ್ನೂರ ಒಂದು ಜನ "ಈ ವರ್ಷ ಇವಳೇ" ಅಂತ ಮೊದಲ ಸ್ಥಾನ ಕೊಟ್ಟರೆ ಒಳಗೆ. 2023ರ ಜನವರಿಯಲ್ಲಿ ಆಂಡ್ರಿಯಾ ರೈಸ್‌ಬರೋ ಹೆಸರು ಬಂದಾಗ ಎಲ್ಲರೂ ಬೆಚ್ಚಿಬಿದ್ದಿದ್ದು ಇದನ್ನ ಮರೆತಿದ್ದಕ್ಕೆ. 'ಟು ಲೆಸ್ಲಿ' ಅಲ್ಲೀವರೆಗೂ ಚಿತ್ರಮಂದಿರಗಳಲ್ಲಿ ಮೂವತ್ತು ಸಾವಿರ ಡಾಲರ್ ಕೂಡ ಗಳಿಸಿರಲಿಲ್ಲ. ಆದರೆ ಹೆಸರಾಂತ ನಟ ನಟಿಯರು ತಾವೇ ಮುಂದೆ ನಿಂತು, ಪರಿಚಯದ ನಟರಿಗೆಲ್ಲ ಇದನ್ನ ನೋಡಿ ಅಂದರು. ಬೇಕಿದ್ದದ್ದು ಸಾವಿರಾರು ಜನರಲ್ಲ, ಇನ್ನೂರು ಚಿಲ್ಲರೆ. ಪ್ರಚಾರದ ರೀತಿ ಸರಿ ಇತ್ತಾ ಅಂತ ಅಕಾಡೆಮಿ ಪರಿಶೀಲನೆ ಮಾಡಿ, ನಾಮಿನೇಷನ್ ಉಳಿಸಿತು. ಅದೇ ಪಟ್ಟಿಯಲ್ಲಿ 'ಟಿಲ್' ಚಿತ್ರದ ಡೇನಿಯೆಲ್ ಡೆಡ್‌ವೈಲರ್ ಹೆಸರು ಇರಲಿಲ್ಲ. ಆ ನೋವು ನಿಜ, ಅದರ ಬಗ್ಗೆ ಸಿಟ್ಟು ಬರೋದೂ ಸರಿ. ಆದರೆ ರೈಸ್‌ಬರೋ ಆ ಜಾಗವನ್ನ ಕದ್ದರು ಅನ್ನೋದು ಈ ಲೆಕ್ಕ ಗೊತ್ತಿಲ್ಲದೋರ ಮಾತು.

ಅಂತಿಮ ಸುತ್ತು ಪೂರ್ತಿ ಬೇರೆ ಆಟ. ಅಲ್ಲಿ ವೋಟು ಹಾಕೋದು ಎಲ್ಲ ಶಾಖೆಗಳ ಸದಸ್ಯರು: ಧ್ವನಿ ವಿಭಾಗದವರು, ಮೇಕಪ್‌ನವರು, ಪ್ರಚಾರದವರು, ಸ್ಟುಡಿಯೋ ಅಧಿಕಾರಿಗಳು, ಎಲ್ಲರೂ. ಒಟ್ಟು ಹತ್ತಿರ ಹತ್ತಿರ ಹತ್ತು ಸಾವಿರ ಜನ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಕ್ರಮಾಂಕದ ವೋಟು, ನಟಿಗೆ ಒಬ್ಬರಿಗೆ ಒಂದೇ ವೋಟು, ಯಾರಿಗೆ ಹೆಚ್ಚು ಬಿತ್ತೋ ಅವರು. 9,000 ವೋಟು ಐವರಲ್ಲಿ ಹಂಚಿಹೋದರೆ ಎರಡು ಸಾವಿರ ಚಿಲ್ಲರೆಯಲ್ಲೇ ಗೆಲ್ಲಬಹುದು. ಹಾಗೆ ಗೆದ್ದವರಿಗೆ ಮುಕ್ಕಾಲು ಪಾಲು ಜನ ವೋಟು ಹಾಕಿರಲ್ಲ. ಎಷ್ಟು ವೋಟಲ್ಲಿ ಗೆದ್ದರು ಅಂತ ಅಕಾಡೆಮಿ ಹೇಳಲ್ಲ. ಅದಕ್ಕೇ 1950ರ ಸಾಲಿನ ಬಗ್ಗೆ ಇಷ್ಟು ವರ್ಷವಾದ್ರೂ ಕೂದಲು ಸೀಳ್ತಾನೇ ಇದ್ದಾರೆ. ಒಂದೇ ಚಿತ್ರದ ಬೆಟ್ಟಿ ಡೇವಿಸ್, ಆನ್ ಬ್ಯಾಕ್ಸ್‌ಟರ್ ಇಬ್ಬರೂ ನಾಯಕಿ ವಿಭಾಗದಲ್ಲಿ, ಜೊತೆಗೆ ಗ್ಲೋರಿಯಾ ಸ್ವಾನ್‌ಸನ್, ಗೆದ್ದಿದ್ದು ಜೂಡಿ ಹಾಲಿಡೇ. ವೋಟು ಒಡೀತು ಅನ್ನೋದು ನಂಬೋ ಹಾಗಿದೆ, ಸಾಬೀತು ಮಾಡೋ ಹಾಗಿಲ್ಲ. ಲೆಕ್ಕ ಒಂದಿಷ್ಟು ಹೊರಗೆ ಕಂಡಿದ್ದು 1968ರ ಸಾಲಿನಲ್ಲಿ: ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಬಾರ್ಬ್ರಾ ಸ್ಟ್ರೈಸಂಡ್‌ಗೆ ಸರಿಸಮ ವೋಟು, ಇಬ್ಬರಿಗೂ ಪ್ರಶಸ್ತಿ.

1993ರಲ್ಲಿ 'ಮೈ ಕಸಿನ್ ವಿನ್ನಿ' ಚಿತ್ರಕ್ಕೆ ಪೋಷಕ ನಟಿ ಆಸ್ಕರ್ ಗೆದ್ದ ಮಾರಿಸಾ ಟೊಮೆಯಿ ನಿಜವಾಗಿ ಗೆದ್ದಿರಲಿಲ್ಲ, ಅವರ ಹೆಸರನ್ನ ತಪ್ಪಾಗಿ ಓದಿಬಿಟ್ಟರು ಅನ್ನೋ ಹಳೇ ಗಾಳಿಮಾತನ್ನ ಮಾತ್ರ ದಯವಿಟ್ಟು ಇನ್ನು ಹರಡಬೇಡಿ. ವೇದಿಕೆ ಪಕ್ಕದಲ್ಲೇ ಫಲಿತಾಂಶ ಗೊತ್ತಿರೋ ಲೆಕ್ಕಪರಿಶೋಧಕರು ನಿಂತಿರ್ತಾರೆ. ತಪ್ಪಾದರೆ ಏನಾಗುತ್ತೆ ಅಂತ 2017ರಲ್ಲಿ ಅತ್ಯುತ್ತಮ ಚಿತ್ರದ ಘೋಷಣೆಯಲ್ಲಿ ಎಲ್ಲರೂ ನೋಡಿದ್ವಿ: 'ಲಾ ಲಾ ಲ್ಯಾಂಡ್' ಅಂತ ತಪ್ಪಾಗಿ ಓದಿದ್ದನ್ನ ವೇದಿಕೆ ಮೇಲೇ 'ಮೂನ್‌ಲೈಟ್' ಅಂತ ತಿದ್ದಿದರು. ಒಬ್ಬ ಒಳ್ಳೇ ನಟಿಯ ಕೆಲಸಕ್ಕೆ ಆ ಗಾಳಿಮಾತು ದಶಕಗಟ್ಟಲೆ ಮಸಿ ಬಳಿದಿದೆ.

ಇನ್ನೊಂದು ಮಾತು. ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ವೋಟು ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರ ನೋಡಿರಲೇಬೇಕು ಅನ್ನೋ ನಿಯಮ ಅಕಾಡೆಮಿ ತಂದಿದ್ದು 2025ರಲ್ಲಿ. ಅಲ್ಲೀವರೆಗೆ ನಟನೆಯ ವಿಭಾಗಗಳಿಗೆ ಆ ಕಡ್ಡಾಯ ಇರಲಿಲ್ಲ. ಹಳೇ ಫಲಿತಾಂಶಗಳನ್ನ ತಂದು ಸಾಕ್ಷಿ ಅಂತ ಇಡೋ ಮುಂಚೆ ಇದು ನೆನಪಿರಲಿ.

ಹಾಗಂತ ನಾಮಿನೇಷನ್ ಪಟ್ಟಿ ದೋಷ ಇಲ್ಲದ್ದಲ್ಲ. ಅದರ ದೊಡ್ಡ ದೋಷ ಪೋಷಕ ನಟಿ ವಿಭಾಗ. ಯಾವುದು ನಾಯಕಿ ಪಾತ್ರ, ಯಾವುದು ಪೋಷಕ ಪಾತ್ರ ಅಂತ ತೀರ್ಮಾನಿಸೋದು ನಿಯಮದ ಪ್ರಕಾರ ವೋಟು ಹಾಕೋ ನಟರೇ. ಸ್ಟುಡಿಯೋ ಪ್ರಚಾರ ಮಾಡಬಹುದು, ಅಪ್ಪಣೆ ಮಾಡೋ ಹಾಗಿಲ್ಲ. 2008ರ 'ದಿ ರೀಡರ್'ಗೆ ಕೇಟ್ ವಿನ್ಸ್ಲೆಟ್‌ರನ್ನ ಪೋಷಕ ನಟಿ ಅಂತ ಪ್ರಚಾರ ಮಾಡಿದ್ರು, ಗೋಲ್ಡನ್ ಗ್ಲೋಬ್, ಸ್ಯಾಗ್ ಎರಡೂ ಹಾಗೇ ಕೊಟ್ಟವು. ಆಸ್ಕರ್‌ನಲ್ಲಿ ಮಾತ್ರ ನಟರು ನಾಯಕಿ ವಿಭಾಗಕ್ಕೇ ಹಾಕಿದ್ರು, ಅಲ್ಲೇ ಅವರು ಗೆದ್ದರು. ಆ ಧೈರ್ಯ ಎಲ್ಲ ಸಲ ಇರಲ್ಲ. ವಯೋಲಾ ಡೇವಿಸ್ 'ಫೆನ್ಸಸ್' ನಾಟಕಕ್ಕೆ 2010ರಲ್ಲಿ ಟೋನಿ ಪ್ರಶಸ್ತಿ ಗೆದ್ದಿದ್ದು ನಾಯಕಿಯಾಗಿ, ಅದೇ ಪಾತ್ರಕ್ಕೆ 2016ರ ಸಾಲಿನ ಆಸ್ಕರ್ ಗೆದ್ದಿದ್ದು ಪೋಷಕ ನಟಿಯಾಗಿ. 'ಕ್ಯಾರಲ್' ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಹಂಚಿಕೊಂಡ ರೂನಿ ಮಾರಾ ಆಸ್ಕರ್‌ಗೆ ಬರೋ ಹೊತ್ತಿಗೆ ಪೋಷಕ ನಟಿ ಆಗಿಬಿಟ್ಟಿದ್ರು.

ಇದರಿಂದ ಪೆಟ್ಟು ಬೀಳೋದು ಯಾರಿಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 'ನೆಟ್‌ವರ್ಕ್' ಚಿತ್ರದಲ್ಲಿ ಬಿಯಾಟ್ರಿಸ್ ಸ್ಟ್ರೈಟ್ ಐದು ನಿಮಿಷದ ಆಸುಪಾಸಿನ ಪಾತ್ರಕ್ಕೆ ಪ್ರಶಸ್ತಿ ಗೆದ್ದರಲ್ಲ, ಅಂಥ ಪಾತ್ರ ಮಾಡೋರಿಗೆ. ಇಡೀ ಚಿತ್ರ ಹೊತ್ತವರ ಪಕ್ಕ ಐದು ನಿಮಿಷದ ಕೆಲಸ ಕಣ್ಣಿಗೇ ಬೀಳಲ್ಲ. ಪಾತ್ರವನ್ನ ಅಳೆಯೋಕೆ ನಿಮಿಷ ಎಣಿಸೋದೊಂದೇ ಸಾಲದು. ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾರ ತೀರ್ಮಾನದಿಂದ ಕಥೆ ತಿರುಗುತ್ತೆ? ಬೇರೆ ಯಾರೂ ಇಲ್ಲದಾಗ ಕ್ಯಾಮೆರಾ ಯಾರ ಜೊತೆ ಉಳಿಯುತ್ತೆ? ಈ ಲೆಕ್ಕದಲ್ಲಿ 'ದಿ ಫೇವರಿಟ್'ನ ಮೂವರೂ ನಾಯಕಿಯರೇ. ರೇಚಲ್ ವೈಸ್, ಎಮ್ಮಾ ಸ್ಟೋನ್ ಇಬ್ಬರನ್ನೂ ಪೋಷಕ ವಿಭಾಗಕ್ಕೆ ತಳ್ಳಿದ್ದರಿಂದ ಕೋಲ್ಮನ್‌ಗೆ ದಾರಿ ಸಲೀಸಾಯ್ತು. ಕ್ಲೋಸ್ ಅಭಿಮಾನಿಗಳು ಇದನ್ನ ಹಿಡಿದು ವಾದ ಮಾಡಿದರೆ ನಾನು ಒಪ್ಪಿಕೊಳ್ತೀನಿ.

ಇನ್ನು ನಟನೆಗೆ ಬರೋಣ. ಅಭಿಮಾನಿಗಳು ಹಂಚಿಕೊಳ್ಳೋ ಕ್ಲಿಪ್ ಯಾವತ್ತೂ ಕೂಗಾಡೋ, ಅಳೋ ದೃಶ್ಯದ್ದೇ. ಅಲ್ಲಿ ಬರವಣಿಗೆ, ಸಂಗೀತ, ಎಡಿಟಿಂಗ್ ಎಲ್ಲ ಸೇರಿ ನಟಿಯನ್ನ ಎತ್ತಿ ಹಿಡಿದಿರುತ್ತೆ. ಬದಲಿಗೆ ಅವಳು ಬರೀ ಕೇಳಿಸಿಕೊಳ್ಳೋ ಒಂದು ದೃಶ್ಯ ತಗೊಳ್ಳಿ, ಸುಳ್ಳು ಹೇಳೋ ಒಂದು ದೃಶ್ಯ ತಗೊಳ್ಳಿ. ಮೊದಲು ಮ್ಯೂಟ್ ಮಾಡಿ ನೋಡಿ. ಆಮೇಲೆ ಪರದೆ ಮುಚ್ಚಿ ಬರೀ ಕೇಳಿ. ಶಾಟ್ ಎಲ್ಲೆಲ್ಲಿ ಕಟ್ ಆಗುತ್ತೆ ಅಂತ ಎಣಿಸಿ. ಎರಡು ಮೂರು ಸೆಕೆಂಡಿಗೊಂದು ಕಟ್ ಇದ್ದರೆ ಆ ಭಾವನೆ ಕಟ್ಟಿದ್ದರಲ್ಲಿ ಎಡಿಟರ್ ಪಾಲು ದೊಡ್ಡದು. ಡಬ್ಬಿಂಗ್ ಆವೃತ್ತಿ ನೋಡಿ ತೀರ್ಪು ಕೊಡಲೇಬೇಡಿ, ಅರ್ಧ ನಟಿ ಅಲ್ಲಿ ಇರೋದೇ ಇಲ್ಲ. ಆಪ್‌ಗಳು ಕೆಲವು ಸಲ ಡಬ್ಬಿಂಗ್ ಧ್ವನಿಯನ್ನೇ ಮೊದಲು ಹಾಕಿರ್ತವೆ, ಮೂಲ ಧ್ವನಿಗೆ ಬದಲಾಯಿಸಿ ಸಬ್‌ಟೈಟಲ್ ಹಾಕಿಕೊಳ್ಳಿ.

'ಬರ್ತ್' ಅಂತ 2004ರ ಚಿತ್ರ ಇದೆ. ನಿಕೋಲ್ ಕಿಡ್‌ಮನ್ ಒಪೆರಾಗೆ ತಡವಾಗಿ ಬಂದು ಕೂರ್ತಾರೆ, ಕ್ಯಾಮೆರಾ ಅವರ ಮುಖದ ಮೇಲೆ ಸುಮಾರು ಎರಡು ನಿಮಿಷ ಕಟ್ ಇಲ್ಲದೆ ನಿಲ್ಲುತ್ತೆ. ಅವರಿಗೆ ಒಂದು ಡೈಲಾಗೂ ಇಲ್ಲ. ಸತ್ತುಹೋದ ನಿನ್ನ ಗಂಡ ನಾನೇ ಅಂತ ಒಬ್ಬ ಹುಡುಗ ಹೇಳಿದ್ದು ನಿಜ ಇರಬಹುದಾ ಅನ್ನೋ ಯೋಚನೆ ಒಳಗೆ ಇಳಿಯೋದು ಕಣ್ಣಲ್ಲಿ, ಉಸಿರಲ್ಲಿ ಕಾಣುತ್ತೆ. ವ್ಯಾಗ್ನರ್ ಸಂಗೀತ ಮ್ಯೂಟ್ ಮಾಡಿದ್ರೂ ಕಾಣುತ್ತೆ. ಅದಕ್ಕೆ ಆಸ್ಕರ್ ನಾಮಿನೇಷನ್ ಕೂಡ ಇಲ್ಲ. ಪಟ್ಟಿ ಮೇಲೆ ನನಗಿರೋ ದೊಡ್ಡ ದೂರು ಇದೇ.

ಈಗ 2018ರ ಸಾಲಿನ ಆ ಇಬ್ಬರನ್ನೂ ಇದೇ ರೀತಿ ನೋಡಿ. 'ದಿ ವೈಫ್' ಶುರುವಿನಲ್ಲಿ ಗಂಡನಿಗೆ ನೊಬೆಲ್ ಬಂದ ಸುದ್ದಿಯ ಫೋನ್ ಬರುತ್ತೆ, ಹೆಂಡತಿ ಬೇರೆ ಕೋಣೆಯ ಫೋನ್ ಎತ್ತಿ ಕೇಳಿಸಿಕೊಳ್ತಾಳೆ. ಕ್ಲೋಸ್ ಮುಖದಲ್ಲಿ ಮೊದಲು ಖುಷಿ. ಆ ಖುಷಿ ಪೂರ್ತಿ ಅರಳೋಕೆ ಮುಂಚೆನೇ ಒಳಗೆ ಏನೋ ಗಟ್ಟಿಯಾಗುತ್ತೆ, ತುಟಿ ಮಾತ್ರ ನಗ್ತಾ ಇರುತ್ತೆ. ಕಥೆಯ ಇಡೀ ಗುಟ್ಟು ಅಲ್ಲಿದೆ, ಎರಡನೇ ಸಲ ನೋಡಿದಾಗ ಮಾತ್ರ ಅದು ತಿಳಿಯುತ್ತೆ. 'ದಿ ಫೇವರಿಟ್'ನಲ್ಲಿ ಕೋಲ್ಮನ್ ಗಾಲಿಕುರ್ಚಿಯಲ್ಲಿ ಕೂತು ಗೆಳತಿ ಸಾರಾ ಕುಣಿಯೋದನ್ನ ನೋಡೋ ದೃಶ್ಯ ಹಾಕಿ. ಮೊದಲು ಮಗುವಿನಂಥ ಸಂತೋಷ. ಆಮೇಲೆ ತಾನು ಕುಣಿಯಲಾರೆ ಅನ್ನೋದು ನೆನಪಾಗುತ್ತೆ, ಆಮೇಲೆ ಅವಳಿಗೆ ನಾನು ಬೇಡ ಅನ್ನೋ ಅನುಮಾನ, ಕೊನೆಗೆ ರಾಣಿಯ ಸಿಟ್ಟು. ಅಷ್ಟೂ ಬದಲಾಗೋವರೆಗೆ ಒಂದು ಮಾತಿಲ್ಲ, ನಿಲ್ಲಿಸಿ ಅಂತ ಕೂಗೋದು ಆಮೇಲೆ.

ಕ್ಲೋಸ್ ಬಚ್ಚಿಡ್ತಾರೆ, ಕೋಲ್ಮನ್‌ಗೆ ಬಚ್ಚಿಡೋಕಾಗಲ್ಲ. ಎರಡೂ ಪಾತ್ರ ಬೇಡಿದ್ದೇ. ನನ್ನ ವೋಟು ಕೋಲ್ಮನ್‌ಗೆ, ಯಾಕೆಂದರೆ ನಾಲ್ಕು ಭಾವ ಒಂದರಿಂದ ಇನ್ನೊಂದಕ್ಕೆ ಹೋಗೋವಾಗ ಎಲ್ಲೂ ಹೊಲಿಗೆ ಕಾಣಲ್ಲ. ನಿಮ್ಮದು ಕ್ಲೋಸ್‌ಗೆ ಅನ್ನೋದಾದರೆ ಎಂಟು ನಾಮಿನೇಷನ್ ಲೆಕ್ಕ ಬೇಡ, ಆ ಫೋನ್ ದೃಶ್ಯದ ಯಾವ ಕ್ಷಣದಲ್ಲಿ ನಗು ಸಾಯುತ್ತೆ ಅಂತ ಸೆಕೆಂಡ್ ಸಮೇತ ಕಾಮೆಂಟ್‌ನಲ್ಲಿ ಬರೀರಿ.