ಬೆಟ್ಟ, ತಟ್ಟೆ ಮತ್ತು ಮಾವನ ಬೋರ್ಡು

ಬೆಳಗಿನ ಆರೂವರೆ. ನೀವು ನೋಡುತ್ತಿರುವುದು ತುಮಕೂರಿನ ಕ್ಯಾತ್ಸಂದ್ರ. ಈ ಹಬೆಯ ಹಿಂದೆ ಅರ್ಧ ಕಾಣಿಸುತ್ತಿರುವವರು ನನ್ನ ಸೋದರಮಾವ. ತಟ್ಟೆ ಇಡ್ಲಿ ಹೋಟೆಲಿಗೆ ಹೊಸ ಬೋರ್ಡು ಬರೆಸುತ್ತಿದ್ದಾರೆ. "ದಿನವೆಲ್ಲ ವಿಡಿಯೊದಲ್ಲಿ ಮಾತನಾಡುತ್ತೀಯಲ್ಲ, ಜನರ ಬಾಯಲ್ಲಿ ನಿಲ್ಲುವಂಥ ಒಂದು ಸಾಲು ಬರೆದುಕೊಡು" ಎಂದರು. ಎರಡು ನಿಮಿಷದ ಕೆಲಸ ಎಂದುಕೊಂಡೆ. ನಾಲ್ಕು ದಿನ ಹಿಡಿಯಿತು.

ಹಳೆಯ ಬೋರ್ಡಿನಲ್ಲಿ ಇದ್ದದ್ದು "ಶುಚಿ ರುಚಿಗೆ ಹೆಸರಾದ". ಈ ಸಾಲು ಇರುವ ಹೋಟೆಲು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆಯೋ! ಸವೆದಿದೆ, ನಿಜ. ಆದರೆ ಯಾರೋ ಜಾಣರೇ ಕಟ್ಟಿದ ಜೋಡಿ ಅದು. ಶುಚಿ, ರುಚಿ: ಎರಡರಲ್ಲೂ ಎರಡನೆಯ ಅಕ್ಷರ ಒಂದೇ. ಗಾದೆಯ ಕೆಸರು, ಮೊಸರು ಹಾಗೆಯೇ. ಕುಟುಂಬ ಯೋಜನೆಯ "ಚಿಕ್ಕ ಸಂಸಾರ, ಚೊಕ್ಕ ಸಂಸಾರ" ಕೂಡ ಹಾಗೆಯೇ. ಹಳಗನ್ನಡ ಕವಿಗಳಿಗೆ ಈ ದ್ವಿತೀಯಾಕ್ಷರ ಪ್ರಾಸ ಮೀರಲಾಗದ ಕಟ್ಟಳೆಯಾಗಿತ್ತು. ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲಿ ಅದನ್ನು ಕೈಬಿಟ್ಟು ಬರೆದರು. ಕವಿಗಳು ಬಿಟ್ಟರೂ ಗೋಡೆಗಳು ಬಿಡಲಿಲ್ಲ.

ನಾನೂ ಅದನ್ನೇ ಹಿಡಿದೆ. "ಒಂದೇ ತಟ್ಟೆ, ತುಂಬಿತು ಹೊಟ್ಟೆ." ಹೆಮ್ಮೆಯಿಂದ ಓದಿ ಹೇಳಿದೆ. ಮಾವ ಹಿಟ್ಟು ಹುಯ್ಯುವುದನ್ನು ನಿಲ್ಲಿಸಲೇ ಇಲ್ಲ. "ಒಂದಕ್ಕೇ ಹೊಟ್ಟೆ ತುಂಬಿದರೆ ಎರಡನೆಯದನ್ನು ನಿಮ್ಮಪ್ಪ ಬಂದು ತಿನ್ನುತ್ತಾರೇನೋ?"

ಸಿಟ್ಟಿನಲ್ಲಿ "ಗುಣಮಟ್ಟವೇ ನಮ್ಮ ಗುರಿ" ಎಂದು ಬರೆದೆ. "ನಾವು ಮಾರುವುದು ಇಡ್ಲಿಯೋ, ಸಿಮೆಂಟೋ?"

ನಾಲ್ಕನೆಯ ದಿನ ಬರೆಯುವುದನ್ನು ಬಿಟ್ಟು, ಮೂಲೆಯ ಬೆಂಚಿನಲ್ಲಿ ಸುಮ್ಮನೆ ಕುಳಿತೆ. ಸಿದ್ಧಗಂಗೆ ಬೆಟ್ಟ ಹತ್ತಿ ಇಳಿದವರು ಬರುತ್ತಿದ್ದರು. ಹಣೆಯಲ್ಲಿ ವಿಭೂತಿ, ಸೋತ ಕಾಲು. ಕೂರುವ ಮೊದಲೇ "ಎರಡು ಇಡ್ಲಿ, ಬೆಣ್ಣೆ ಹಾಕಿ" ಎನ್ನುತ್ತಿದ್ದರು. ಸಾಲು ಅಲ್ಲೇ ಇತ್ತು.

"ಬೆಟ್ಟ ಇಳಿದು ಬನ್ನಿ, ತಟ್ಟೆ ಇಡ್ಲಿ ತಿನ್ನಿ."

ಬೆರಳು ಮಡಿಸಿ ಎಣಿಸಿದೆ. ಪ್ರತಿ ಪದಕ್ಕೂ ಸರಿಯಾಗಿ ಮೂರು ಮಾತ್ರೆ! ಹೈಸ್ಕೂಲಿನಲ್ಲಿ ಛಂದಸ್ಸು ಕಲಿಸಿದ ಮೇಷ್ಟರಿಗೆ ಒಂದು ಪ್ಲೇಟು ಬಾಕಿ ಇದೆ. ಮಾವ ಏನೂ ಹೇಳಲಿಲ್ಲ. ಲೋಟ ತೊಳೆಯುತ್ತಿದ್ದವರು ಅದನ್ನೇ ಗುನುಗತೊಡಗಿದಾಗ ಮಾತ್ರ, "ಬರೆಯಪ್ಪ" ಎಂದು ಪೇಂಟರಿಗೆ ಸನ್ನೆ ಮಾಡಿದರು.

ಬಣ್ಣ ಇನ್ನೂ ಹಸಿ. ಎದುರು ಹೋಟೆಲಿನವರು ರಸ್ತೆ ದಾಟಿ ಬಂದು ಓದಿದರು. "ಬೆಟ್ಟ ನಮಗೂ ಇಷ್ಟೇ ದೂರವಲ್ಲವೇನಣ್ಣ?"

"ದೂರ ಇಷ್ಟೇ ಕಣಪ್ಪ. ಮೊದಲು ಬರೆಸಿದವನು ನಾನು."